ಸೀಟಿನ ಜೊತೆಗೆ ದುಭಾಷಿಯನ್ನೂ ಕೊಡಿ: ಕಿವುಡ ಮಕ್ಕಳ ಶಿಕ್ಷಕಿಯೊಬ್ಬಳ ಬಹಿರಂಗ ಪತ್ರ

ಉತ್ತರ ಕರ್ನಾಟಕದ ವಿಶ್ವವಿದ್ಯಾಲಯಗಳ ಮಾನ್ಯ ಕುಲಪತಿಗಳಿಗೆ, ಕುಲಸಚಿವರಿಗೆ ಮತ್ತು ಉನ್ನತ ಶಿಕ್ಷಣ ಇಲಾಖೆಯ ಅಧಿಕಾರಿಗಳಿಗೆ

ಮಾನ್ಯರೇ,

ನಾನು ಹುಬ್ಬಳ್ಳಿಯಲ್ಲಿ ಕಿವುಡ ಮಕ್ಕಳ ವಸತಿ ಶಾಲೆಯೊಂದರ ಶಿಕ್ಷಕಿ. ಸುಮಾರು ಎರಡು ದಶಕಗಳ ಸೇವೆಯ ನಂತರ, ಕಳೆದ ವರ್ಷದಿಂದ ಧಾರವಾಡದ ಸ್ನಾತಕೋತ್ತರ ಕೇಂದ್ರವೊಂದರಲ್ಲಿ ಕನ್ನಡ ಎಂ.ಎ. ವಿದ್ಯಾರ್ಥಿನಿಯೂ ಆಗಿದ್ದೇನೆ. ಅದೇ ತರಗತಿಯಲ್ಲಿ ಹುಟ್ಟಿನಿಂದ ಕಿವಿ ಕೇಳದ ಯುವಕನೊಬ್ಬ ಓದುತ್ತಿದ್ದಾನೆ. ಹಾವೇರಿ ಜಿಲ್ಲೆಯವನು, ಚಿಕ್ಕವನಿದ್ದಾಗ ನಮ್ಮ ಶಾಲೆಯಲ್ಲಿ ನನ್ನ ಕೈಯಲ್ಲೇ ಕಲಿತವನು. ಅಂಗವಿಕಲರ ಮೀಸಲಾತಿಯಲ್ಲಿ ಅವನಿಗೆ ಸೀಟು ಸಿಕ್ಕಿದೆ. ಆದರೆ ಅಧ್ಯಾಪಕರ ಮಾತನ್ನು ಅವನಿಗೆ ತಲುಪಿಸುವ ಸಂಜ್ಞಾ ಭಾಷಾ ದುಭಾಷಿ ತರಗತಿಯಲ್ಲಿ ಇಲ್ಲದ ಕಾರಣ, ಮೊದಲ ವಾರದಿಂದಲೇ ಆ ಕೆಲಸ ನನ್ನ ಮೇಲೆ ಬಿದ್ದಿದೆ. ನಾನು ಅದನ್ನು ಮಾಡುತ್ತಿರುವುದು ಯಾಕೆ ಸರಿಯಾದ ಏರ್ಪಾಡು ಆಗಲಾರದು, ಅದರ ಬದಲಿಗೆ ತಾವು ಏನು ಮಾಡಬಹುದು ಎಂಬುದನ್ನು ತಿಳಿಸುವುದಷ್ಟೇ ಈ ಪತ್ರದ ಉದ್ದೇಶ. ಪತ್ರವನ್ನು ಅವನು ಓದಿದ್ದಾನೆ, ಒಂದೆರಡು ಕಡೆ ತಿದ್ದಿಸಿದ್ದಾನೆ, ಪ್ರಕಟಿಸಲು ಒಪ್ಪಿದ್ದಾನೆ.

ಕೇಂದ್ರದ ಹೆಸರನ್ನು ಬೇಕೆಂತಲೇ ಬರೆದಿಲ್ಲ. ಅಲ್ಲಿಯ ಅಧ್ಯಾಪಕರು ಸಜ್ಜನರು, ಕೇಳಿದ್ದನ್ನು ಇಲ್ಲವೆನ್ನದೆ ಹೇಳಿಕೊಡುವವರು. ದುಭಾಷಿ ಬೇಕೆಂದು ಕಚೇರಿಗೆ ಹೋಗಿ ಕೇಳಿದಾಗ ಅಲ್ಲಿಯ ಗುಮಾಸ್ತರು ಕಡತವನ್ನೂ ತೆರೆಯದೆ, “ನೀವ ಅದೀರಲ್ಲರೀ ಅಕ್ಕಾರ, ಮತ್ತ ಬ್ಯಾರೇದವ್ರು ಯಾಕ ಬೇಕು?” ಎಂದರು. ಅದರಲ್ಲಿ ಕುಹಕವೇನೂ ಇರಲಿಲ್ಲ. ನನ್ನ ಮೇಲಿನ ವಿಶ್ವಾಸದಿಂದಲೇ ಅವರು ಹಾಗೆಂದದ್ದು. ಆದರೂ ಈ ಮಾತಿಗೆ ವಿವರವಾಗಿ ಉತ್ತರ ಕೊಡಬೇಕೆನಿಸಿತು.

ಮೊದಲು ನನ್ನ ದಿನಚರಿಯನ್ನು ಸ್ವಲ್ಪ ಹೇಳುತ್ತೇನೆ. ಶಾಲೆಯ ಆಡಳಿತ ಮಂಡಳಿಯವರು ಸಂಬಳ ಕಡಿತದ ಮೇಲೆ ನನಗೆ ಓದಲು ಅನುಮತಿ ಕೊಟ್ಟಿದ್ದಾರೆ. ಬೆಳಗಿನ ಪಾಠ ಮತ್ತು ಸಂಜೆಯ ಅಭ್ಯಾಸದ ಹೊತ್ತು ನನ್ನ ಪಾಲಿಗಿವೆ. ಬೆಳಗ್ಗೆ ಚಿಕ್ಕ ಮಕ್ಕಳ ಶ್ರವಣ ಸಾಧನಗಳನ್ನು ನೋಡುವುದು ಮೊದಲ ಕೆಲಸ. ಸೆಲ್ಲು ಇಳಿದಿರುತ್ತದೆ, ಬೆವರಿನಿಂದ ಕೊಳವೆಯಲ್ಲಿ ನೀರು ಕೂತಿರುತ್ತದೆ, ಬೆಳೆಯುವ ಮಗುವಿನ ಕಿವಿಗೆ ಹಳೆಯ ಅಚ್ಚು ಸಡಿಲವಾಗಿ ಕುಂಯ್ಯೆಂದು ಕೂಗುತ್ತಿರುತ್ತದೆ. ಆಮೇಲೆ ಬಾಯಿಗೆ ಕಾಗದ ಅಡ್ಡ ಹಿಡಿದು ಆ, ಈ, ಊ, ಶ್, ಸ್, ಮ್ ಎಂಬ ಆರು ಧ್ವನಿಗಳನ್ನು ಒಂದೊಂದಾಗಿ ಹೊರಡಿಸುತ್ತೇನೆ. ಕೇಳಿಸಿದ ಮಗು ಕೈ ಎತ್ತುತ್ತದೆ. ಸ್ ಎಂದಾಗ ಕೈಗಳು ಬಹಳ ಕಡಿಮೆ ಏಳುತ್ತವೆ. ನಿನ್ನೆ ಶ್‌ಗೆ ಕೈ ಎತ್ತಿದ ಮಗು ಇಂದು ಎತ್ತದಿದ್ದರೆ ಸಾಧನ ಕೆಟ್ಟಿದೆ, ಇಲ್ಲವೇ ಕಿವಿ ಸೋರುತ್ತಿದೆ ಎಂದು ನಮಗೆ ಸುಳಿವು ಸಿಗುತ್ತದೆ. ಎರಡು ಪಾಠ ಮುಗಿಸಿ ಚಿಗರಿ ಬಸ್ಸು ಹಿಡಿದು ಧಾರವಾಡಕ್ಕೆ ಹೊರಡುತ್ತೇನೆ. ಆ ಯುವಕನೂ ಅದೇ ಬಸ್ಸಿಗೆ ಬರುತ್ತಾನೆ. ಬಸ್ಸು ತುಂಬಿದ್ದು ಅವನು ಹಿಂದೆ, ನಾನು ಮುಂದೆ ನಿಂತಿದ್ದರೂ ನಮ್ಮ ಮಾತಿಗೆ ಅಡ್ಡಿಯಿಲ್ಲ. ಜನರ ತಲೆಗಳ ಮೇಲೆ ಎತ್ತಿದ ಒಂದೇ ಕೈಯಲ್ಲಿ ಅಂದಿನ ಪಾಠ ಯಾವುದು, ಟಿಪ್ಪಣಿ ತಂದಿದ್ದೀಯಾ ಎಂಬುದೆಲ್ಲ ತೀರ್ಮಾನವಾಗುತ್ತದೆ. ಪಕ್ಕದವರು ಮೊದಲು ಗಾಬರಿಯಿಂದಲೂ ಆಮೇಲೆ ಕುತೂಹಲದಿಂದಲೂ ನೋಡುತ್ತಾರೆ. ಸಂಜೆ ಶಾಲೆಗೆ ಮರಳಿದಾಗ ಮಕ್ಕಳು ನನ್ನ ಚೀಲ ಬಿಚ್ಚಿ, ಟೀಚರಿಗೂ ಮನೆಪಾಠ ಇರುತ್ತದೆಂದು ಒಬ್ಬರಿಗೊಬ್ಬರು ತೋರಿಸಿಕೊಂಡು ನಗುತ್ತಾರೆ.

ಈ ವಯಸ್ಸಿನಲ್ಲಿ ಎಂ.ಎ. ಯಾಕೆ ಎಂದು ಹಲವರು ಕೇಳಿದ್ದಾರೆ. ನಮ್ಮ ಮಕ್ಕಳು ಎಸ್ಸೆಸ್ಸೆಲ್ಸಿ ದಾಟುತ್ತಾರೆ, ಗಣಿತ ಮಾಡುತ್ತಾರೆ, ಚಿತ್ರ ಬರೆಯುತ್ತಾರೆ, ಹೊಲಿಗೆಯಲ್ಲೂ ಕಂಪ್ಯೂಟರಿನಲ್ಲೂ ಕೈ ಪಳಗಿಸುತ್ತಾರೆ. ಕನ್ನಡ ವಾಕ್ಯದ ಮುಂದೆ ಮಾತ್ರ ಸೋತು ನಿಲ್ಲುತ್ತಾರೆ. “ನಾನು ಅಪ್ಪ ಸಂತೆ ಹೋಗು ನಿನ್ನೆ” ಎಂದು ಬರೆಯುವ ಹುಡುಗಿಗೆ ಸಂತೆಯಲ್ಲಿ ನಡೆದದ್ದೆಲ್ಲ ನೆನಪಿದೆ, ಅಪ್ಪ ಕೊಟ್ಟ ದುಡ್ಡಿನ ಲೆಕ್ಕವೂ ಗೊತ್ತಿದೆ. ಇಲ್ಲದಿರುವುದು ‘ಜೊತೆಗೆ’ಯೂ ‘ಗೆ’ ಪ್ರತ್ಯಯವೂ. ಕೇಳುವ ಮಗು ಪ್ರತ್ಯಯಗಳನ್ನು ತೊಟ್ಟಿಲಿನಲ್ಲೇ ಕಿವಿಯಿಂದ ಎತ್ತಿಕೊಳ್ಳುತ್ತದೆ, ಯಾರೂ ಕಲಿಸುವುದಿಲ್ಲ. ಕೇಳದ ಮಗುವಿಗೆ ಒಂದೊಂದನ್ನೂ ಕಣ್ಣಿಗೆ ತೋರಿಸಿ ಕಲಿಸಬೇಕು, ಅದನ್ನು ಹೇಗೆ ತೋರಿಸಬೇಕೆಂದು ನಮ್ಮ ತರಬೇತಿ ಹೇಳಿಕೊಡಲಿಲ್ಲ. ಕನ್ನಡ ವ್ಯಾಕರಣವನ್ನು ಆಳವಾಗಿ ಓದಿ, ಅದನ್ನು ಕಣ್ಣಿನ ಮೂಲಕ ಕಲಿಸುವ ಕ್ರಮವೊಂದನ್ನು ಕಟ್ಟಬೇಕೆಂಬುದು ನನ್ನ ಆಸೆ. ಅದಕ್ಕಾಗಿ ಬಂದವಳು ತರಗತಿಯಲ್ಲಿ ಅರ್ಧ ಪಾಠವನ್ನೂ ನನಗಾಗಿ ಕೇಳಿಸಿಕೊಳ್ಳಲಾಗದೆ ಕುಳಿತಿದ್ದೇನೆ.

ಅದು ಹೇಗೆಂದು ವಿವರಿಸುತ್ತೇನೆ. ಮೊದಲ ಕೆಲವು ದಿನ ನಾವಿಬ್ಬರೂ ಒಂದೇ ಬೆಂಚಿನಲ್ಲಿ ಕುಳಿತೆವು. ಆಗ ಅವನು ನನ್ನ ಕೈ ನೋಡಲು ಪಕ್ಕಕ್ಕೆ ತಿರುಗಬೇಕು, ಅಧ್ಯಾಪಕರ ಮುಖ ನೋಡಲು ಮುಂದಕ್ಕೆ ತಿರುಗಬೇಕು, ಹಲಗೆಯ ಮೇಲೆ ಬರೆದದ್ದು ಅಷ್ಟರಲ್ಲಿ ಅಳಿಸಿಹೋಗಿರುತ್ತಿತ್ತು. ಹಾಗಾಗಿ ನಾನು ಹಲಗೆಗೆ ಬೆನ್ನು ಮಾಡಿ ಅಧ್ಯಾಪಕರ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡೆ. ಈಗ ಅವನಿಗೆ ಮೂರೂ ಕಾಣುತ್ತವೆ, ನನಗೆ ಹಲಗೆ ಕಾಣುವುದಿಲ್ಲ. ಕೈಗಳೆರಡೂ ಕೆಲಸದಲ್ಲಿರುವುದರಿಂದ ಪೆನ್ನು ಹಿಡಿಯುವ ಪ್ರಶ್ನೆಯೇ ಇಲ್ಲ. ಕಿಟಕಿಗೆ ಬೆನ್ನಾಗಿ ಕುಳಿತರೆ ಬೆಳಕು ಹಿಂದಿನಿಂದ ಬಿದ್ದು ನನ್ನ ಕೈಗಳು ಕಪ್ಪಾಗಿ ಕಾಣುತ್ತವೆ. ಮಳೆಗಾಲದ ಮಧ್ಯಾಹ್ನ ಕರೆಂಟು ಹೋದರೆ ಉಳಿದವರಿಗೆ ಪಾಠ ಮುಂದುವರಿಯುತ್ತದೆ, ಅವನಿಗೆ ಅಲ್ಲಿಗೇ ನಿಲ್ಲುತ್ತದೆ.

ನಮ್ಮ ತರಗತಿಗಳಲ್ಲಿ ನೋಟ್ಸ್ ಹೇಳಿ ಬರೆಸುವ ಪದ್ಧತಿ ಇನ್ನೂ ಗಟ್ಟಿಯಾಗಿದೆ. ಕೇಳುವ ವಿದ್ಯಾರ್ಥಿ ತಲೆ ತಗ್ಗಿಸಿ ಬರೆಯುತ್ತಲೇ ಮುಂದಿನ ವಾಕ್ಯವನ್ನು ಕಿವಿಯಲ್ಲಿ ಹಿಡಿದಿಟ್ಟುಕೊಳ್ಳುತ್ತಾನೆ. ಕಿವಿಯ ಕೆಲಸವನ್ನೂ ಕಣ್ಣೇ ಮಾಡಬೇಕಾದವನಿಗೆ ಇದು ಸಾಧ್ಯವೇ ಇಲ್ಲ. ಪುಸ್ತಕ ನೋಡಿದರೆ ಕೈ ತಪ್ಪುತ್ತದೆ, ಕೈ ನೋಡಿದರೆ ಬರವಣಿಗೆ ತಪ್ಪುತ್ತದೆ. ಹಿಂದಿನ ದಿನವೇ ಟಿಪ್ಪಣಿಯ ಒಂದು ಜೆರಾಕ್ಸ್ ಪ್ರತಿ ಕೈಗೆ ಕೊಟ್ಟರೆ ಈ ತೊಂದರೆ ಮುಗಿಯಿತು. ಇಬ್ಬರು ಅಧ್ಯಾಪಕರು ಹಾಗೆ ಮಾಡುತ್ತಿದ್ದಾರೆ, ಅವರ ಪಾಠದಲ್ಲಿ ಅವನು ಪ್ರಶ್ನೆ ಕೇಳುತ್ತಾನೆ.

ಪ್ರಶ್ನೆಯ ವಿಚಾರ ಬಂದಿತೆಂದು ಹೇಳುತ್ತೇನೆ. ಅವನು ಕೈಯಲ್ಲಿ ಕೇಳಿದ್ದನ್ನು ನಾನು ಬಾಯಲ್ಲಿ ಹೇಳುತ್ತೇನೆ. ಅಧ್ಯಾಪಕರು ನನ್ನ ಮುಖ ನೋಡಿ, “ಅವನಿಗೆ ಹೀಗೆ ಹೇಳಿರಿ” ಎಂದು ಉತ್ತರ ಕೊಡುತ್ತಾರೆ. ಪ್ರಶ್ನೆ ಕೇಳಿದವನು ಎದುರಿಗೇ ಇದ್ದಾನೆ, ಇಪ್ಪತ್ತೈದರ ಹತ್ತಿರದ ಗಂಡಸು, ಅವನ ಮಾತು ಅವನದಾಗಿ ಯಾರಿಗೂ ಕಾಣಿಸುವುದಿಲ್ಲ. ಒಂದು ಕಾಲಕ್ಕೆ ನಾನು ಅವನ ಶಿಕ್ಷಕಿಯಾಗಿದ್ದೆ ಎಂಬುದು ತರಗತಿಗೆಲ್ಲ ಗೊತ್ತಿರುವುದರಿಂದ, ಅವನ ಒಳ್ಳೆಯ ಪ್ರಶ್ನೆಗಳೆಲ್ಲ ನಾನೇ ಹೇಳಿಕೊಟ್ಟದ್ದು ಎಂಬ ಗುಮಾನಿಯೂ ಇದೆ. ಸೆಮಿನಾರಿನಲ್ಲಿ ಅವನು ಸಂಜ್ಞೆಯಲ್ಲಿ ಪ್ರಬಂಧ ಮಂಡಿಸಿ ನಾನು ಧ್ವನಿ ಕೊಟ್ಟಾಗ, ಆಂತರಿಕ ಅಂಕ ಯಾರ ಮಾತಿಗೆ ಎಂಬ ಪ್ರಶ್ನೆ ಎದ್ದಿತು. ಕೇಳಿದವರ ಸಂಶಯ ತೀರಾ ಅನ್ಯಾಯದ್ದೆಂದು ನಾನು ಹೇಳಲಾರೆ. ಸಹಪಾಠಿಯೂ ಹಳೆಯ ಗುರುವೂ ಆದವಳು ಧ್ವನಿಯಾಗಿ ನಿಂತರೆ ಸಂಶಯ ಬರುವುದು ಸಹಜ. ಸಂಬಂಧವಿಲ್ಲದ, ತರಬೇತಿ ಪಡೆದ ದುಭಾಷಿ ಇದ್ದಿದ್ದರೆ ಆ ಪ್ರಶ್ನೆ ಏಳುತ್ತಲೇ ಇರಲಿಲ್ಲ.

ಕಚೇರಿಯವರ ಮಾತಿಗೆ ನನ್ನ ಮುಖ್ಯ ಉತ್ತರವೂ ಇಲ್ಲಿಯೇ ಇದೆ. ಸಂಜ್ಞಾ ಭಾಷೆ ಬರುವವರೆಲ್ಲ ದುಭಾಷಿಗಳಲ್ಲ. ಶಿಕ್ಷಕಿಯ ಅಭ್ಯಾಸ ಬಿಡಿಸಿ ಹೇಳುವುದು. ಅಧ್ಯಾಪಕರು ಒಂದು ಕಠಿಣ ವಾಕ್ಯ ಹೇಳಿದರೆ ನನ್ನ ಕೈ ತನ್ನಷ್ಟಕ್ಕೆ ಅದನ್ನು ಸುಲಭ ಮಾಡಿಬಿಡುತ್ತದೆ, ಉದಾಹರಣೆ ಸೇರಿಸುತ್ತದೆ, ಬೇಡವೆನಿಸಿದ್ದನ್ನು ಬಿಡುತ್ತದೆ. ದುಭಾಷಿಯ ಧರ್ಮ ಬೇರೆ: ಆಡಿದ ಮಾತನ್ನು ಅದರ ಕಾಠಿಣ್ಯದ ಸಮೇತ, ತಮಾಷೆಯ ಸಮೇತ, ಬೈಗುಳವಿದ್ದರೆ ಅದರ ಸಮೇತ ದಾಟಿಸಬೇಕು. ಎಂ.ಎ. ವಿದ್ಯಾರ್ಥಿ ಕಠಿಣ ವಾಕ್ಯದ ಜೊತೆ ತಾನೇ ಗುದ್ದಾಡಬೇಕಲ್ಲವೇ? ಜೊತೆಗೆ ಇದು ಮೈಮುರಿಯುವ ಕೆಲಸ. ಇಬ್ಬರು ದುಭಾಷಿಗಳು ಇಪ್ಪತ್ತು–ಮೂವತ್ತು ನಿಮಿಷಕ್ಕೊಮ್ಮೆ ಬದಲಾಗುತ್ತ ಹೋಗುವುದು ಈ ವೃತ್ತಿಯಲ್ಲಿ ರೂಢಿ; ಅದಕ್ಕಿಂತ ಹೆಚ್ಚು ಹೊತ್ತು ಒಬ್ಬರೇ ಮಾಡಿದರೆ ತಪ್ಪುಗಳು ಏರುತ್ತವೆ, ಮಾಡುವವರಿಗೆ ಅದರ ಅರಿವೂ ಇರುವುದಿಲ್ಲ. ಭಾರತೀಯ ಸಂಜ್ಞಾ ಭಾಷೆಯ ದುಭಾಷಿಗಳಿಗೆಂದೇ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ಡಿಪ್ಲೊಮಾ ಇದೆ. ಅದು ಕಿವುಡ ಮಕ್ಕಳ ಶಿಕ್ಷಕರ ಡಿಪ್ಲೊಮಾ ಮತ್ತು ಬಿ.ಎಡ್.ಗಿಂತ ಬೇರೆಯಾದ ಕೋರ್ಸು ಎಂಬುದನ್ನು ದಯವಿಟ್ಟು ಗಮನಿಸಬೇಕು.

ನನ್ನ ಸಂಜ್ಞಾ ಭಾಷೆಗೆ ಪ್ರಮಾಣಪತ್ರವೇ ಇಲ್ಲ. ನಾವು ತರಬೇತಿ ಪಡೆದ ಕಾಲದಲ್ಲಿ ಮಕ್ಕಳಿಗೆ ತುಟಿ ಓದಿಸುವುದು, ಬಾಯಿಂದ ಮಾತಾಡಿಸುವುದು ಇವೇ ಗುರಿ. ಕೈ ಆಡಿಸಿದರೆ ಮಾತು ಬರುವುದಿಲ್ಲವೆಂದು ನಂಬಿಸಿದ್ದರು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ನಡೆದ ಶಿಕ್ಷಕರ ಸಮ್ಮೇಳನ ಕೈ ಭಾಷೆಯನ್ನು ಶಾಲೆಯಿಂದ ಹೊರಗಿಡಬೇಕೆಂದು ನಿರ್ಣಯಿಸಿದ್ದರ ನೆರಳು ನೂರು ವರ್ಷಕ್ಕೂ ಮಿಕ್ಕಿ ಹುಬ್ಬಳ್ಳಿಯ ತನಕ ಚಾಚಿತ್ತು ಎಂದರೆ ಅತಿಶಯೋಕ್ತಿಯಲ್ಲ. ತುಟಿ ಓದುವುದು ಎಷ್ಟು ಕಷ್ಟವೆಂದು ತಿಳಿಯಲು ತಾವು ಕನ್ನಡಿಯ ಮುಂದೆ ನಿಂತು ದನಿಯಿಲ್ಲದೆ ‘ಬರ’, ‘ಮರ’ ಎಂದು ನೋಡಬಹುದು. ಪ, ಬ, ಮ ಮೂರಕ್ಕೂ ತುಟಿ ಒಂದೇ ಬಗೆಯಲ್ಲಿ ಮುಚ್ಚಿ ತೆರೆಯುತ್ತದೆ; ಕ, ಗ ಬಾಯಿಯ ಹಿಂಭಾಗದಲ್ಲಿ ಹುಟ್ಟುವುದರಿಂದ ತುಟಿಯಲ್ಲಿ ಕಾಣಿಸುವುದೇ ಇಲ್ಲ. ಕೈ ಭಾಷೆಯನ್ನು ನನಗೆ ಕಲಿಸಿದವರು ವಸತಿ ನಿಲಯದ ಮಕ್ಕಳು, ಊಟದ ಪಂಕ್ತಿಯಲ್ಲಿ, ದೀಪ ಆರಿಸುವ ಮುನ್ನ. ಈ ಯುವಕ ಆ ಗುರುಗಳಲ್ಲಿ ಒಬ್ಬ. ಗದ್ದದ ಮೇಲಿನ ಗಾಯದ ಕಲೆಯನ್ನು ಬೆರಳಿನಿಂದ ಮುಟ್ಟಿದರೆ ಅದು ಅವನ ಹೆಸರು. ಅವರೆಲ್ಲ ನನಗಿಟ್ಟ ಹೆಸರು ಕನ್ನಡಕ ಸರಿಪಡಿಸಿಕೊಳ್ಳುವ ಸನ್ನೆ.

ಕಷ್ಟವನ್ನೇ ಹೇಳುತ್ತ ಹೋದರೆ ಅವನು ಏನನ್ನೂ ಕಲಿಯುತ್ತಿಲ್ಲವೆಂದು ತಾವು ತಿಳಿಯಬಾರದು. ಛಂದಸ್ಸಿನ ಪಾಠದ ದಿನ ನಾನು ಹೆದರಿದ್ದೆ; ಲಯವನ್ನು ಕೇಳದವನಿಗೆ ಭಾಮಿನಿ ಷಟ್ಪದಿಯನ್ನು ಹೇಗೆ ಮುಟ್ಟಿಸುವುದು? ಅಧ್ಯಾಪಕರು ಹಲಗೆಯ ಮೇಲೆ ಪದ್ಯದ ಸಾಲು ಬರೆದು, ಅಕ್ಷರಗಳ ಮೇಲೆ ಲಘು–ಗುರು ಹಾಕುತ್ತ, ಮೂರು–ನಾಲ್ಕು, ಮೂರು–ನಾಲ್ಕು ಎಂದು ಗಣ ವಿಂಗಡಿಸಿದರು. ಅವನು ಮೇಜಿನ ಮೇಲೆ ಬೆರಳು ತಟ್ಟಿ ಮಾತ್ರೆ ಎಣಿಸಿ, ಮೂರನೆಯ ಮತ್ತು ಆರನೆಯ ಪಾದಗಳ ಕೊನೆಯಲ್ಲಿ ಮಿಕ್ಕುವ ಗುರುವನ್ನು ಎಲ್ಲರಿಗಿಂತ ಮೊದಲು ತೋರಿಸಿದ. ಪ್ರಾಸವಂತೂ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಕಣ್ಣಿಗೇ ಕಾಣುವಂಥದು. ಉಳಿದವರು ಹಾಡಿಕೊಂಡು ಹುಡುಕುತ್ತಿದ್ದಾಗ ಅವನು ಮೇಲಿನಿಂದ ಕೆಳಕ್ಕೆ ಒಂದು ಗೆರೆ ಎಳೆದು ಪ್ರಾಸಾಕ್ಷರಗಳನ್ನೆಲ್ಲ ಕಟ್ಟಿಬಿಟ್ಟ. ಆ ದಿನ ಅಧ್ಯಾಪಕರು ನನ್ನನ್ನು ಬಿಟ್ಟು ನೇರವಾಗಿ ಅವನನ್ನೇ ನೋಡಿ ಮಾತಾಡಿದರು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯ 32ನೇ ಕಲಮು ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸೀಟುಗಳನ್ನು ಮೀಸಲಿಡುತ್ತದೆ, ವಯೋಮಿತಿಯಲ್ಲಿ 5 ವರ್ಷ ಸಡಿಲಿಸುತ್ತದೆ. ಅದೇ ಕಾಯ್ದೆಯ 16ನೇ ಕಲಮು ಕಿವುಡರಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ಸಂವಹನ ವಿಧಾನದಲ್ಲಿ ಶಿಕ್ಷಣ ಸಿಗುವಂತೆ ನೋಡಿಕೊಳ್ಳಬೇಕೆನ್ನುತ್ತದೆ. ನಾನು ಕಂಡಂತೆ 32ನೇ ಕಲಮು ಪ್ರವೇಶದ ಪಟ್ಟಿಯಲ್ಲಿ ಪಾಲನೆಯಾಗುತ್ತದೆ, ಏಕೆಂದರೆ ಅದನ್ನು ಲೆಕ್ಕ ಹಾಕಿ ವರದಿ ಕಳಿಸಬಹುದು. 16ನೇ ಕಲಮು ತರಗತಿಯ ಬಾಗಿಲಲ್ಲೇ ಉಳಿಯುತ್ತದೆ. ನ್ಯಾಯಾಲಯಗಳು ಈ ವಿಷಯದಲ್ಲಿ ನಮಗಿಂತ ಮುಂದೆ ಹೋಗಿವೆ. ಕಿವುಡ ವಕೀಲೆ ಸಾರಾ ಸನ್ನಿ ಅವರು 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಕಲಾಪದಲ್ಲಿಯೂ, 2024ರ ಏಪ್ರಿಲ್‌ನಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿಯೂ ಸಂಜ್ಞಾ ಭಾಷಾ ದುಭಾಷಿಯ ಮೂಲಕ ಪಾಲ್ಗೊಂಡರು. ಹೈಕೋರ್ಟಿನಲ್ಲಿ ವಾದ ಮಂಡಿಸಲು ಆಗುವುದಾದರೆ ಎಂ.ಎ. ಪಾಠ ಕೇಳಲು ಯಾಕೆ ಆಗಬಾರದು?

ನಮ್ಮ ಭಾಗದ ಜನರಿಗೆ ಅಂಗವಿಕಲರ ವಿದ್ಯೆಯ ಬಗ್ಗೆ ಅನಾದರವಿದೆ ಎನ್ನುವಂತಿಲ್ಲ. ಪಂಚಾಕ್ಷರ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣಿಲ್ಲದ ಮಕ್ಕಳಿಗೆ ಸಂಗೀತ ಕಲಿಸಿ ನಾಡಿಗೇ ದೊಡ್ಡ ಪರಂಪರೆಯನ್ನು ಕೊಟ್ಟರು. ಆ ಮಕ್ಕಳ ಹಾಡನ್ನು ಊರು ಕೇಳಿತು, ತಲೆದೂಗಿತು, ಜೋಳಿಗೆಗೆ ಜೋಳ ಹಾಕಿತು. ಕಿವುಡ ಮಗುವಿನ ಕಲಿಕೆ ಹೀಗೆ ಊರಿನ ಕಿವಿಗೆ ಬೀಳುವಂಥದ್ದಲ್ಲ. ಕಾಲೇಜುಗಳಲ್ಲಿಯೂ ಹೀಗೆಯೇ ಆಗಿದೆ: ಗಾಲಿಕುರ್ಚಿಗೆ ಇಳಿಜಾರು ಕಟ್ಟಿದರೆ ಕಾಣುತ್ತದೆ, ಪರಿಶೀಲನಾ ಸಮಿತಿ ಬಂದಾಗ ತೋರಿಸಬಹುದು, ತರಗತಿಯಲ್ಲಿ ಸುಮ್ಮನೆ ಕುಳಿತ ಕಿವುಡ ವಿದ್ಯಾರ್ಥಿ ಶಿಸ್ತಿನ ಹುಡುಗನೆಂದು ಹೆಸರು ಪಡೆದು ಮೂರು ವರ್ಷ ಏನೂ ತಿಳಿಯದೆ ಪದವಿ ಮುಗಿಸುತ್ತಾನೆ. 2011ರ ಜನಗಣತಿಯ ಪ್ರಕಾರ ದೇಶದ 2.68 ಕೋಟಿ ಅಂಗವಿಕಲರಲ್ಲಿ ಸುಮಾರು 50 ಲಕ್ಷ ಜನ ಶ್ರವಣದೋಷವುಳ್ಳವರು.

ಪರೀಕ್ಷೆಯ ವಿಚಾರದಲ್ಲಿ ಒಂದು ಮಾತು. ಅಂಗವಿಕಲ ಪರೀಕ್ಷಾರ್ಥಿಗಳ ಸೌಲಭ್ಯವೆಂದರೆ ಬರಹಗಾರರು ಮತ್ತು ಹೆಚ್ಚುವರಿ ಸಮಯ ಎಂದೇ ಎಲ್ಲರೂ ತಿಳಿದಿದ್ದಾರೆ. ಕಿವುಡ ವಿದ್ಯಾರ್ಥಿಗೆ ಬರಹಗಾರರು ಬೇಕಿಲ್ಲ. ಬೇಕಿರುವುದು ಪ್ರಶ್ನೆಯ ವಾಕ್ಯ ಜಟಿಲವಾಗಿದ್ದಲ್ಲಿ ಅದನ್ನು ಸಂಜ್ಞೆಯಲ್ಲಿ ಓದಿ ತೋರಿಸುವವರು ಮತ್ತು ವಿಷಯದ ಪತ್ರಿಕೆಗಳಲ್ಲಿ ಪ್ರತ್ಯಯ ತಪ್ಪಿದ್ದಕ್ಕೆ ವಿಷಯದ ಅಂಕ ಕತ್ತರಿಸಬಾರದೆಂಬ ಸೂಚನೆ. ಭಾಷೆಯನ್ನೇ ಪರೀಕ್ಷಿಸುವ ಪತ್ರಿಕೆಗಳಲ್ಲಿ ರಿಯಾಯಿತಿ ಬೇಡವೆಂಬುದು ನನ್ನ ಅಭಿಪ್ರಾಯ. ಈ ಯುವಕನೂ ಅದನ್ನೇ ಹೇಳುತ್ತಾನೆ. ಶಾಲೆಯ ಮಟ್ಟದಲ್ಲಿ ಎರಡನೆಯ, ಮೂರನೆಯ ಭಾಷೆಯಿಂದ ವಿನಾಯಿತಿ ಕೊಡಲು ಕಾಯ್ದೆಯಲ್ಲೇ ಅವಕಾಶವಿದೆ, ಅದರಿಂದ ನಮ್ಮ ಎಷ್ಟೋ ಮಕ್ಕಳು ಪಾಸಾಗಿದ್ದಾರೆ. ಆದರೆ ಅದೇ ಮಕ್ಕಳು ಕಾಲೇಜಿಗೆ ಬಂದಾಗ ಇಂಗ್ಲಿಷಿನ ಒಂದು ಪುಟವನ್ನೂ ಓದಲಾರದೆ ತತ್ತರಿಸುವುದನ್ನು ಕಂಡ ಮೇಲೆ ವಿನಾಯಿತಿಗಿಂತ ಕಲಿಸುವ ಏರ್ಪಾಡೇ ಮೇಲೆಂದು ನನಗೆ ಅನ್ನಿಸಿದೆ.

ಈಗ ತಾವು ಮಾಡಬಹುದಾದುದು. ದುಭಾಷಿಗಳ ಕಾಯಂ ಹುದ್ದೆ ಮಂಜೂರಾಗಲು ವರ್ಷಗಳೇ ಹಿಡಿಯುತ್ತವೆ ಎಂಬುದು ಸರ್ಕಾರಿ ಕೆಲಸ ಬಲ್ಲ ಯಾರಿಗೂ ಗೊತ್ತು. ಅದರ ಪ್ರಸ್ತಾವ ಹೋಗಲಿ. ಅಷ್ಟರೊಳಗೆ ಅತಿಥಿ ಉಪನ್ಯಾಸಕರನ್ನು ತೆಗೆದುಕೊಳ್ಳುವ ಮಾದರಿಯಲ್ಲಿ ಗಂಟೆಯ ಲೆಕ್ಕದ ಸಂಭಾವನೆಗೆ ದುಭಾಷಿಗಳನ್ನು ಕರೆಯಬಹುದು. ಒಂದೊಂದು ಸಂಸ್ಥೆಯಲ್ಲಿ ಒಬ್ಬರೋ ಇಬ್ಬರೋ ಕಿವುಡ ವಿದ್ಯಾರ್ಥಿಗಳಿದ್ದಾಗ ಪ್ರತ್ಯೇಕ ನೇಮಕ ದುಬಾರಿ ಎನ್ನುವ ಆಕ್ಷೇಪ ಬರುತ್ತದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಮತ್ತು ಕೃಷಿ ವಿಶ್ವವಿದ್ಯಾಲಯ, ಹುಬ್ಬಳ್ಳಿಯಲ್ಲಿ ಕಾನೂನು ವಿಶ್ವವಿದ್ಯಾಲಯ, ಗದಗಿನಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಶಿಗ್ಗಾವಿಯ ಹತ್ತಿರ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯ ಇರುವ ಈ ಭಾಗದಲ್ಲಿ ಎಲ್ಲರಿಗೂ ಸೇರಿ ಒಂದೇ ದುಭಾಷಿಗಳ ಪಟ್ಟಿ ಇಟ್ಟುಕೊಂಡು, ವೇಳಾಪಟ್ಟಿ ಹೊಂದಿಸಿ ಹಂಚಿಕೊಂಡರೆ ಆ ಆಕ್ಷೇಪ ಉಳಿಯುವುದಿಲ್ಲ. ಪಟ್ಟಿಗೆ ಜನ ಎಲ್ಲಿಂದ ಬರಬೇಕೆಂದರೆ, ದುಭಾಷಿಗಳ ಡಿಪ್ಲೊಮಾ ಕೋರ್ಸನ್ನು ಪರಿಷತ್ತಿನ ಮಾನ್ಯತೆ ಪಡೆದು ಅವಳಿ ನಗರದಲ್ಲೇ ಆರಂಭಿಸಬಹುದು. ಕಿವುಡ ತಂದೆತಾಯಿಗಳಿಗೆ ಹುಟ್ಟಿದ, ಕಿವಿ ಕೇಳುವ ಮಕ್ಕಳು ನಮ್ಮಲ್ಲಿ ಎಷ್ಟೋ ಜನ ಇದ್ದಾರೆ. ಚಿಕ್ಕಂದಿನಿಂದ ಬ್ಯಾಂಕಿನಲ್ಲಿ, ದವಾಖಾನೆಯಲ್ಲಿ ಅಪ್ಪ–ಅವ್ವನ ಮಾತನ್ನು ದಾಟಿಸುತ್ತ ಬೆಳೆದವರು. ಅವರಿಗೆ ಇದು ಗೌರವದ ಉದ್ಯೋಗವಾಗುತ್ತದೆ, ಕಲಿಸಲು ಸಂಜ್ಞಾ ಭಾಷೆಯ ಬೋಧನೆಯಲ್ಲಿ ತರಬೇತಿ ಪಡೆದ ಕಿವುಡ ಶಿಕ್ಷಕರನ್ನೇ ಕರೆಯಬಹುದು. ದೆಹಲಿಯ ಭಾರತೀಯ ಸಂಜ್ಞಾ ಭಾಷಾ ಸಂಶೋಧನೆ ಮತ್ತು ತರಬೇತಿ ಕೇಂದ್ರ 2021ರಲ್ಲಿ 10,000 ಪದಗಳ ಸಂಜ್ಞಾ ನಿಘಂಟನ್ನು ಹೊರತಂದಿದೆ. ಕನ್ನಡ ಸಾಹಿತ್ಯ, ವ್ಯಾಕರಣಗಳ ಪಾರಿಭಾಷಿಕ ಪದಗಳಿಗೆ ಸಂಜ್ಞೆ ಕಟ್ಟುವ ಕೆಲಸವನ್ನು ಮಾತ್ರ ಇಲ್ಲಿನ ಕನ್ನಡ ವಿಭಾಗಗಳೇ ಕಿವುಡರ ಜೊತೆ ಕುಳಿತು ಮಾಡಬೇಕಾಗುತ್ತದೆ. ‘ಸಮಾಸ’ಕ್ಕೆ ನಾವಿಬ್ಬರು ಬಸ್ಸಿನಲ್ಲಿ ಮಾಡಿಕೊಂಡ ಸನ್ನೆ ನಮ್ಮಿಬ್ಬರಿಗಷ್ಟೇ ತಿಳಿಯುತ್ತದೆ.

ಕೆಲಸ ಮಾಡುತ್ತ ಓದುವ ವಿಶೇಷ ಶಿಕ್ಷಕರ ರಜೆಯ ಬಗ್ಗೆಯೂ ಹೇಳುವುದಿತ್ತು. ನಮ್ಮ ಶಾಲೆಗಳು ಶಾಲಾ ಶಿಕ್ಷಣ ಇಲಾಖೆಗೆ ಸೇರದೆ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಅಡಿಯಲ್ಲಿರುವುದರಿಂದ ಆ ಅರ್ಜಿ ಬೇರೆ ಬಾಗಿಲಿಗೆ ಹೋಗಬೇಕು. ಅದನ್ನು ಪ್ರತ್ಯೇಕವಾಗಿ ಬರೆಯುತ್ತೇನೆ.

ಸದ್ಯಕ್ಕೆ ಒಂದು ಕೆಲಸ ಹಣವಿಲ್ಲದೆಯೂ ಆಗುತ್ತದೆ. ಪ್ರವೇಶದ ಅರ್ಜಿಯಲ್ಲಿ ಅಂಗವೈಕಲ್ಯದ ಶೇಕಡಾವಾರು ಕೇಳುವ ಜಾಗದ ಕೆಳಗೆ, ವಿದ್ಯಾರ್ಥಿಗೆ ಸಂಜ್ಞಾ ಭಾಷಾ ದುಭಾಷಿ ಬೇಕೇ, ಮುಂಚಿತವಾಗಿ ಮುದ್ರಿತ ಟಿಪ್ಪಣಿ ಬೇಕೇ ಎಂದು ಕೇಳುವ ಒಂದು ಸಾಲನ್ನು ಸೇರಿಸಿ, ಉತ್ತರ ‘ಹೌದು’ ಎಂದಿದ್ದ ಅರ್ಜಿಗಳ ಪಟ್ಟಿಯನ್ನು ತರಗತಿ ಆರಂಭವಾಗುವ ಮೊದಲೇ ಸಮಾನ ಅವಕಾಶ ಘಟಕಕ್ಕೂ ಸಂಬಂಧಿಸಿದ ವಿಭಾಗಕ್ಕೂ ಕಳಿಸಬೇಕೆಂದು ಕೋರುತ್ತೇನೆ. ಮುಂದಿನ ಸಾಲಿನ ಅರ್ಜಿ ನಮೂನೆ ಅಚ್ಚಿಗೆ ಹೋಗುವ ಮುನ್ನ ಇದು ಆಗಬೇಕು. ನಮ್ಮ ಶಾಲೆಯ ಇಬ್ಬರು ಹಳೆಯ ವಿದ್ಯಾರ್ಥಿನಿಯರು ಈ ವರ್ಷ ಬಿ.ಎ. ಮುಗಿಸುತ್ತಿದ್ದಾರೆ, ಅವರು ಆ ಅರ್ಜಿ ತುಂಬುವವರಿದ್ದಾರೆ.

ಇಂತಿ ತಮ್ಮ ವಿಶ್ವಾಸಿ,
ಕಿವುಡ ಮಕ್ಕಳ ಶಾಲೆಯ ಶಿಕ್ಷಕಿ ಹಾಗೂ ಎಂ.ಎ. ವಿದ್ಯಾರ್ಥಿನಿ
ಹುಬ್ಬಳ್ಳಿ